ಸೊಂಟ ಅಂದ್ರೆ ಎಲ್ಲಿ?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಕಳೆದ ವಾರ ರಾತ್ರಿ ಹತ್ತು ಗಂಟೆ ಹೊತ್ತಿಗೆ ಹಳೇ ರೂಮ್‌ಮೇಟ್ ಒಬ್ಬ ಫೋನ್ ಮಾಡಿದ. ಅವನ ಅಪ್ಪನಿಗೆ ಸೊಂಟದ ಕೀಲು ಸವೆದಿದೆಯಂತೆ, ಬದಲಾಯಿಸಬೇಕು ಅಂತ ಡಾಕ್ಟರು ಹೇಳಿದಾರಂತೆ. "ನಿಮ್ಮಮ್ಮಂಗೆ ಮಾಡ್ಸಿದ್ಯಲ್ಲ, ಹೇಗಿದಾರೆ?" ಅಂತ ಕೇಳಿ, ನಾನು ಬಾಯಿ ತೆಗೆಯೋ ಮೊದಲೇ ನಿಜವಾದ ಪ್ರಶ್ನೆಗೆ ಬಂದ. "ಅಪ್ಪಂಗೆ ಕಾಲಿಗಿಂತ ಬೆನ್ನುನೋವೇ ಜಾಸ್ತಿ ಕಣೋ. ಹಿಪ್ ಬದಲಾಯ್ಸಿದ್ರೆ ಬೆನ್ನುನೋವೂ ಹೋಗತ್ತಾ?"

ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಒಂದು ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ, "ಇಷ್ಟೇ ಶ್ರದ್ಧೆಯಿಂದ ಕೂತು ಬರ್ದಿದ್ರೆ ಬ್ಲಾಗಿಗೆ ಒಂದು ಪೋಸ್ಟ್ ಆಗ್ತಿತ್ತು" ಅಂದಳು. ಆಯ್ತು, ತಗೊಳ್ಳಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಕಂಪ್ಯೂಟರ್ ಮುಂದೆ ಕೂತು ಸ್ವಂತ ಬೆನ್ನು ಹಾಳು ಮಾಡಿಕೊಳ್ಳುತ್ತಿರುವ ಸಾಮಾನ್ಯ ಮನುಷ್ಯ. ಅಮ್ಮನ ಹಿಂದೆ ಆರು ವರ್ಷ ಆಸ್ಪತ್ರೆಗಳಿಗೆ ಓಡಾಡಿದ್ದರಿಂದ ಕಲಿತದ್ದಷ್ಟೇ ನನ್ನ ಬಂಡವಾಳ.

ನಮ್ಮನೆ ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಒಂದಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ. ಅಮ್ಮ ಅಂದ್ರೆ ನೆಲದ ಮೇಲೆ ಬದುಕಿದ ಹೆಂಗಸು. ಅಡಿಕೆ ಸುಲಿಯೋದು ನೆಲದ ಮೇಲೆ, ತರಕಾರಿ ಹೆಚ್ಚೋದು ಈಳಿಗೆ ಮಣೆ ಮೇಲೆ, ಊಟ ನೆಲದ ಮೇಲೆ, ಹೂ ಕಟ್ಟೋದು ಜಗಲಿ ಮೇಲೆ. ಮನೇಲಿ ಸೋಫಾ ಬಂದು ಹದಿನೈದು ವರ್ಷ ಆದ್ರೂ ಅಮ್ಮ ಅದಕ್ಕೆ ಒರಗಿಕೊಂಡು ಕೆಳಗೇ ಕೂರ್ತಿದ್ರು. ಸೋಫಾ ಇದ್ದದ್ದು ನೆಂಟರಿಗೆ.

2017ರ ಅಡಿಕೆ ಸುಗ್ಗಿಯಲ್ಲಿ ಮೊದಲ ಸಲ "ಸೊಂಟ ನೋವು" ಅಂದಿದ್ದು. ಅಡಿಕೆ ಸುಲಿಯೋ ಕಾಲದಲ್ಲಿ ಸೊಂಟ ನೋಯದ ಹೆಂಗಸು ಮಲೆನಾಡಲ್ಲಿ ಇದ್ದಾಳಾ? ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಹಾಕ್ಕೊಂಡು ಮಲಗಿ ಅಂದ್ವಿ. ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೂ ನೋವು ಹೋಗಲಿಲ್ಲ. ಆಮೇಲೆ ಶುರುವಾಯ್ತು ನೋಡಿ ನಮ್ಮ ಯಾತ್ರೆ. ಊರಿನ ಡಾಕ್ಟರ ಮಾತ್ರೆ. ಶಿವಮೊಗ್ಗದಲ್ಲಿ ಹದಿನೈದು ದಿನ ಕಟಿಬಸ್ತಿ, ಅಂದ್ರೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸೋದು. ("ಉದ್ದು ದಂಡ" ಅಂತ ಅಮ್ಮನ ಬೇಜಾರು.) ಬೆಲ್ಟು. 2019ರಲ್ಲಿ ಬೆನ್ನಿನ ಎಂಆರ್‌ಐ. ಎಲ್4-ಎಲ್5ರಲ್ಲಿ ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟು ಬಂತು. ಅಬ್ಬ, ಕಾರಣ ಸಿಕ್ತು ಅಂತ ನಮಗೆಲ್ಲ ಒಂಥರಾ ಸಮಾಧಾನ!

ಈಗ ಗೊತ್ತು. ಅರವತ್ತು ದಾಟಿದವರನ್ನ ಸಾಲಾಗಿ ನಿಲ್ಲಿಸಿ ಎಂಆರ್‌ಐ ಮಾಡಿದ್ರೆ, ಬೆನ್ನುನೋವು ಅಂದ್ರೇನು ಅಂತಲೇ ಗೊತ್ತಿಲ್ಲದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಡಿಸ್ಕ್ ಉಬ್ಬಿರತ್ತೆ. ತಲೆಕೂದಲು ಬೆಳ್ಳಗಾದ ಹಾಗೆ ಅದು. ಆದ್ರೆ ಆಗ ಆ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ನಮಗೆ ವೇದವಾಕ್ಯ. ಆಮೇಲೆ ಬಂದ ಪ್ರತಿಯೊಬ್ಬ ಡಾಕ್ಟರಿಗೂ ನಾವೇ ಮೊದಲು ಆ ಕವರ್ ಕೈಗೆ ಕೊಡ್ತಿದ್ವಿ. ಅವರು ಅದನ್ನ ಲೈಟಿಗೆ ಹಿಡಿದು ನೋಡ್ತಿದ್ರು, ಅಮ್ಮನನ್ನ ನೋಡ್ತಿರಲಿಲ್ಲ. ತಪ್ಪು ಅವರದ್ದು ಎಷ್ಟೋ, ಕವರ್ ಮುಂದೆ ಮಾಡಿದ ನಮ್ಮದೂ ಅಷ್ಟೇ.

2020 ಲಾಕ್‌ಡೌನಿನಲ್ಲಿ ಹೋಯ್ತು. 2021ರಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ (ಹೆಸರು ಬೇಡ). ಬೆನ್ನುಮೂಳೆಗೆ ಇಂಜೆಕ್ಷನ್ ಕೊಟ್ರು. ಎರಡು ವಾರ ಸ್ವಲ್ಪ ಕಡಿಮೆ ಅನ್ನಿಸಿ ಮತ್ತೆ ಮೊದಲಿನ ಹಾಗೇ. ಮುಂದಿನ ಹೆಜ್ಜೆ ಬೆನ್ನಿನ ಆಪರೇಷನ್, ಎರಡು ಮೂಳೆ ಸೇರಿಸಿ ಸ್ಕ್ರೂ ಹಾಕ್ತೀವಿ ಅಂದ್ರು. ನಾನು ಒಪ್ಪಿಬಿಟ್ಟಿದ್ದೆ. ನಿಜ ಹೇಳ್ತೀನಿ, ರಜೆ ಕೂಡ ಹಾಕಿಟ್ಟಿದ್ದೆ. ಅಮ್ಮ ಒಪ್ಪಲಿಲ್ಲ. "ಬೆನ್ನಿಗೆ ಮೊಳೆ ಹೊಡೆಸ್ಕಂಡು ಮಲ್ಗೋಕೆ ನಾನೆಂತ ಬೇಲಿ ಗೂಟನಾ?" ಅಂತ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ರು. ನನಗೆ ವಿಪರೀತ ಸಿಟ್ಟು ಬಂದಿತ್ತು. ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಹಠಮಾರಿ ಅಂತ ಅಕ್ಕನ ಹತ್ರ ದೂರು ಹೇಳಿದ್ದೆ. ಆ ಒಂದು ತಿಂಗಳು ಈಗ ನೆನಪಾದ್ರೆ...

ಹೋಗ್ಲಿ ಬಿಡಿ.

ಈ ಮಧ್ಯೆ ನಮ್ಮ ಕಣ್ಣೆದುರಿಗೇ ಎಷ್ಟೊಂದು ನಡೀತಿತ್ತು! ಅಮ್ಮ ಎಡಗಾಲಿನ ಉಗುರು ತಾವೇ ಕತ್ತರಿಸ್ಕೊಳ್ತಿದ್ರು, ಬಲಗಾಲಿನದ್ದು ಮಾತ್ರ ನನ್ನ ಮಗಳ ಕೈಲಿ ಕತ್ತರಿಸ್ತಿದ್ರು. ನಾವದನ್ನ ಮೊಮ್ಮಗಳ ಮೇಲಿನ ಪ್ರೀತಿ ಅಂದ್ಕೊಂಡಿದ್ವಿ. ಸೀರೆ ಬಲಗಡೆ ಮಾತ್ರ ನೆಲ ಗುಡಿಸ್ತಿತ್ತು. "ಎಂತ ಉಟ್ರೂ ಸಮ ಬರಲ್ಲ" ಅಂತ ಸೀರೆಗೇ ಬೈತಿದ್ರು. ಎರಡು ಚಪ್ಪಲಿಯೂ ಒಂದೇ ಥರ ಸವೀತಿರಲಿಲ್ಲ. ಆಟೋ ಹತ್ತುವಾಗ ಬಲಗಾಲನ್ನ ಎರಡೂ ಕೈಲಿ ಎತ್ತಿ ಒಳಗಿಟ್ಟುಕೊಳ್ತಿದ್ರು. ಇಷ್ಟೆಲ್ಲ ನೋಡಿದ್ದೀನಿ. ನೋಡಿದ್ದೀನಿ ಅಷ್ಟೆ.

ಕಂಡುಹಿಡಿದದ್ದು ಯಾವ ದೊಡ್ಡ ಡಾಕ್ಟರೂ ಅಲ್ಲ. 2022ರ ಆಗಸ್ಟಲ್ಲಿ ಶಿವಮೊಗ್ಗದಲ್ಲಿ ಅಕ್ಕನ ಮನೆ ಹತ್ತಿರ ಹೊಸದಾಗಿ ಬಂದಿದ್ದ ಫಿಜಿಯೋಥೆರಪಿ ಹುಡುಗಿ. ಇಪ್ಪತ್ತೈದು ವರ್ಷ ಇರಬಹುದು. ನಾನು ಎಂದಿನಂತೆ ಎಂಆರ್‌ಐ ಕವರ್ ಮುಂದೆ ಚಾಚಿದೆ. "ಆಮೇಲೆ ನೋಡ್ತೀನಿ ಸಾರ್, ನೀವು ಸ್ವಲ್ಪ ಹೊರಗೆ ಕೂತಿರಿ" ಅಂದಳು. ಅಕ್ಕ ಮಾತ್ರ ಒಳಗೆ. ಅಲ್ಲಿ ನಡೆದದ್ದನ್ನ ಅಕ್ಕ ಹೇಳಿದ್ದು ಹೀಗೆ. ಆ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಸೊಂಟ ಅಂದ್ರೆ ಎಲ್ಲಿ? ಒಂದೇ ಬೆರಳಲ್ಲಿ ತೋರಿಸಿ."

ಅಮ್ಮ ಅಂಗೈ ತಗೊಂಡು ಬೆನ್ನ ಕೆಳಗೆಲ್ಲ ಸವರಿದ್ರಂತೆ. "ಅಂಗೈ ಅಲ್ಲ ಅಮ್ಮಾ, ಬೆರಳು. ಎಲ್ಲಕ್ಕಿಂತ ಮೊದಲು ಎಲ್ಲಿ ಶುರುವಾಗತ್ತೆ?" ಅಮ್ಮ ಬಾಗಿಲ ಕಡೆ ನೋಡಿ, ನಾನು ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಬೆರಳನ್ನ ತೊಡೆಸಂದಿಗೆ ಇಟ್ರಂತೆ.

ಐದು ವರ್ಷ! ಐದು ವರ್ಷದಿಂದ ನೋವು ಶುರುವಾಗ್ತಿದ್ದದ್ದು ಅಲ್ಲಿ. "ಮತ್ತೆ ಯಾಕಮ್ಮಾ ಯಾರಿಗೂ ಹೇಳ್ಲಿಲ್ಲ?" ಅಂತ ಅಕ್ಕ ಅಳು ಬರೋ ಹಾಗೆ ಕೇಳಿದ್ದಕ್ಕೆ, "ಅಷ್ಟೊಂದು ಗಂಡಸರು ಡಾಕ್ಟರು, ಪಕ್ಕದಲ್ಲಿ ಮಗ ನಿಂತಿರ್ತಾನೆ. ಅಲ್ಲಿ ನೋವು ಅಂತ ಹೆಂಗೆ ಹೇಳೋದೇ? ಸೊಂಟ ಅಂದ್ರೆ ಅವ್ರಿಗೆ ಗೊತ್ತಾಗಲ್ವಾ?" ಅಂದ್ರಂತೆ.

ಆಮೇಲೆ ನಾನು ಈ 'ಸೊಂಟ' ಅನ್ನೋ ಪದದ ಬಗ್ಗೆ ತುಂಬಾ ಯೋಚನೆ ಮಾಡಿದೀನಿ. ನೀವೂ ಯೋಚಿಸಿ ನೋಡಿ. ಕೊಡ ಇಟ್ಟುಕೊಳ್ಳೋದು ಸೊಂಟದ ಮೇಲೆ, ಅದು ಪಕ್ಕ. ಬೆಲ್ಟ್ ಕಟ್ಟೋದು ಸೊಂಟಕ್ಕೆ, ಅದು ಸುತ್ತ. ಬಗ್ಗಿ ಎದ್ದಾಗ ಹಿಡ್ಕೊಳ್ಳೋದು ಸೊಂಟ, ಅದು ಬೆನ್ನ ಬುಡ. ಕಾಲು ಮುಂಡಕ್ಕೆ ಸೇರೋ ಕೀಲೂ ಸೊಂಟದ ಕೀಲೇ. ಇಂಗ್ಲಿಷಿನವರಿಗೆ ಹಿಪ್ ಬೇರೆ, ಲೋ ಬ್ಯಾಕ್ ಬೇರೆ. ನಮಗೆ ಎಲ್ಲಾ ಒಂದೇ ಗೋಣಿಚೀಲ. ಅಮ್ಮ ಕನ್ನಡದಲ್ಲಿ ಸರಿಯಾಗೇ ಹೇಳಿದ್ರು. ಡಾಕ್ಟರು ಅದನ್ನ ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿಕೊಂಡು 'ಬ್ಯಾಕ್ ಪೇನ್' ಅಂತ ಚೀಟಿಯಲ್ಲಿ ಬರೆದುಕೊಂಡ್ರು. ಅಲ್ಲಿಂದ ಮುಂದೆ ಐದು ವರ್ಷ ಎಲ್ಲರೂ ಆ ಚೀಟಿಗೆ ಔಷಧಿ ಕೊಟ್ರು.

ಅವತ್ತು ಆ ಹುಡುಗಿ ಅಮ್ಮನನ್ನ ಅಂಗಾತ ಮಲಗಿಸಿ ಮಂಡಿ ಮಡಚಿ ಬಲಪಾದವನ್ನ ಹೊರಕ್ಕೆ ಎಳೆದಳಂತೆ, ಅಂದ್ರೆ ತೊಡೆ ಒಳಗಡೆಗೆ ತಿರುಗೋ ಹಾಗೆ. ಅಮ್ಮ ಕಿರುಚಿದ್ದು ಹೊರಗೆ ಕೂತ ನನಗೂ ಕೇಳಿಸ್ತು. ಸೊಂಟದ ಕೀಲು ಸವೆದವರಿಗೆ ಸಾಮಾನ್ಯವಾಗಿ ಮೊದಲು ಹೋಗೋದು ಈ ಒಳತಿರುವೇ ಅಂತೆ. ಆಮೇಲೆ ಎಡ ಮಂಡಿಯನ್ನ ಎದೆಗೆ ಒತ್ತಿ ಹಿಡಿಸಿದಳಂತೆ. ಆಗ ಬಲತೊಡೆ ತಾನಾಗೇ ಮಂಚದಿಂದ ಮೇಲೆದ್ದಿತು, ಕೆಳಗೆ ಒತ್ತಿದ್ರೂ ಇಳೀಲಿಲ್ಲ. ಹ್ಯೂ ಓವನ್ ಥಾಮಸ್ ಅಂತ ಹತ್ತೊಂಬತ್ತನೇ ಶತಮಾನದ ಲಿವರ್‌ಪೂಲಿನ ವೈದ್ಯ ಕಂಡುಕೊಂಡ ಪರೀಕ್ಷೆ ಇದು. ಅವರ ಮನೆತನ ನಮ್ಮ ಕಡೆ ಇದ್ದಾರಲ್ಲ, ಮೂಳೆ ಕಟ್ಟೋರು, ಆ ಥರದವರದ್ದು. ಯಂತ್ರ ಬೇಡ, ಕರೆಂಟು ಬೇಡ, ಒಂದು ಮಂಚ ಇದ್ರೆ ಸಾಕು.

ಮರುದಿನ ಸೊಂಟದ ಎಕ್ಸ್‌ರೇ. ಎಡಗಡೆ ಚೆಂಡಿಗೂ ಬಟ್ಟಲಿಗೂ ನಡುವೆ ಕಪ್ಪು ಗೆರೆ ಚೆನ್ನಾಗಿ ಕಾಣ್ತಿತ್ತು. ಬಲಗಡೆ ಗೆರೆಯೇ ಇಲ್ಲ. ಮೂಳೆಗೆ ಮೂಳೆ ಉಜ್ಜಿ, ಚೆಂಡು ಚಪ್ಪಟೆಯಾಗಿ, ಅಂಚಿನಲ್ಲೆಲ್ಲ ಮುಳ್ಳು ಮುಳ್ಳಾಗಿ ಬೆಳೆದಿತ್ತು. ನನ್ನಂಥ ದಡ್ಡನಿಗೂ ಗೊತ್ತಾಗೋ ಹಾಗಿತ್ತು. ನಾವು ಅದಕ್ಕೆ ಕೊಟ್ಟದ್ದು 350 ರೂಪಾಯಿ. ಎಂಆರ್‌ಐಗೆ ಕೊಟ್ಟಿದ್ದೆಷ್ಟು ಅಂತ ಹೇಳಿ ನಿಮ್ಮ ಹೊಟ್ಟೆ ಉರಿಸೋದಿಲ್ಲ.

ಸರಿ, ಕೀಲು ಹಾಳಾದ್ರೆ ಬೆನ್ನು ಯಾಕೆ ನೋಯಬೇಕು? ಎದ್ದು ನಿಂತು ಒಂದು ಸಲ ಪರೀಕ್ಷೆ ಮಾಡಿ ನೋಡಿ, ಆಫೀಸಲ್ಲಿದ್ರೆ ಬೇಡ :-) ಬಲತೊಡೆಯನ್ನ ಸ್ವಲ್ಪ ಮುಂದಕ್ಕೆ ಬಾಗಿಸಿ, ಸೊಂಟದ ಹತ್ರ ಅದು ಹಾಗೇ ಬಿಗಿದುಕೊಂಡಿದೆ ಅಂತ ಅಂದ್ಕೊಳ್ಳಿ. ಈಗ ಪಾದ ನೆಲಕ್ಕಿಟ್ಟು ನೆಟ್ಟಗೆ ನಿಲ್ಲೋಕೆ ಪ್ರಯತ್ನಿಸಿ. ತೊಡೆ ಹಿಂದಕ್ಕೆ ಬರಲ್ಲ. ಹಾಗಾಗಿ ಇಡೀ ಸೊಂಟದ ಎಲುಬಿನ ಗೂಡು ಮುಂದಕ್ಕೆ ವಾಲತ್ತೆ, ತಲೆ ಮೇಲಿರಬೇಕಲ್ಲ ಅಂತ ಬೆನ್ನ ಬುಡ ಹಿಂದಕ್ಕೆ ಕಮಾನಿನ ಹಾಗೆ ಬಾಗತ್ತೆ. ಆ ಕಮಾನಿನಲ್ಲಿ ಅಮ್ಮ ಐದು ವರ್ಷ ಅಡುಗೆ ಮಾಡಿದಾರೆ. ಇದರ ಜೊತೆಗೆ ಸವೆದ ಕಾಲು ಗಿಡ್ಡವಾಗಿ ಸೊಂಟ ಒಂದು ಕಡೆ ಇಳಿಯತ್ತೆ, ಪ್ರತಿ ಹೆಜ್ಜೆಗೂ ಮುಂಡ ಪಕ್ಕಕ್ಕೆ ವಾಲತ್ತೆ. ದಿನಕ್ಕೆ ಸಾವಿರಾರು ಹೆಜ್ಜೆ. ಕೆಲಸ ಮಾಡಬೇಕಾದ ಕೀಲು ಕೈಕಟ್ಟಿ ಕೂತಾಗ ಪಕ್ಕದ ಮನೆಯವರು ಎರಡು ಪಾಲು ದುಡಿದ ಹಾಗೆ, ಬಗ್ಗೋದು ಏಳೋದು ತಿರುಗೋದು ಎಲ್ಲಾ ಬೆನ್ನಿನ ಲೆಕ್ಕಕ್ಕೆ.

ಡಾಕ್ಟರ ಲೋಕಕ್ಕೆ ಇದು ಹೊಸದೇನಲ್ಲ. 1983ರಲ್ಲೇ ಆಫಿಯರ್‌ಸ್ಕಿ ಮತ್ತು ಮ್ಯಾಕ್‌ನ್ಯಾಬ್ ಅನ್ನೋರು ಇದಕ್ಕೆ 'ಹಿಪ್-ಸ್ಪೈನ್ ಸಿಂಡ್ರೋಮ್' ಅಂತ ಹೆಸರಿಟ್ಟು ಬರೆದಿದ್ರು. ನೋವು ಕೀಲಿನದ್ದೋ ಬೆನ್ನಿನದ್ದೋ, ಎರಡರದ್ದೂನೋ, ಒಂದರಿಂದ ಇನ್ನೊಂದೋ, ಇಲ್ಲಾ ಒಂದನ್ನ ಇನ್ನೊಂದು ಅಂತ ತಪ್ಪು ತಿಳಿದದ್ದೋ ಅಂತ ಗುಂಪು ಮಾಡಿದ್ರು. ಆ ಕೊನೇ ಗುಂಪಿಗೆ ನಮ್ಮನೆಯವರ ಫೋಟೋ ಅಂಟಿಸಬಹುದು.

ಬೆಂಗಳೂರಿನಲ್ಲಿ ಸಿಕ್ಕ ಕೀಲಿನ ಸರ್ಜನ್ ಕಡಿಮೆ ಮಾತಿನ ಮನುಷ್ಯ. ಎಕ್ಸ್‌ರೇ ನೋಡಿ ಕೀಲು ಬದಲಾಯಿಸಬೇಕು ಅಂದ್ರು. ನಾನು ನನ್ನ ಗೆಳೆಯ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಹೇಳಿದ್ರು. "ಬೆನ್ನುನೋವಿಗೋಸ್ಕರ ಈ ಆಪರೇಷನ್ ಮಾಡಿಸ್ಬೇಡಿ. ಕೀಲಿಗೋಸ್ಕರ ಮಾಡಿಸಿ. ಬೆನ್ನು ಕಡಿಮೆಯಾದ್ರೆ ಅದು ಮೇಲಿನ ಲಾಭ. ತುಂಬಾ ಜನಕ್ಕೆ ಆಗತ್ತೆ, ಎಲ್ರಿಗೂ ಆಗಲ್ಲ."

ಅಪ್ಪಯ್ಯನಿಗೆ ಈ ಮಾತು ಸರಿ ಬರಲಿಲ್ಲ. ಇವರೇ ಖಾತ್ರಿ ಕೊಡಲ್ಲ ಅಂದ್ರೆ ಯಾಕೆ ಕೊಯ್ಸಬೇಕು ಅಂತ. ನನಗೆ ಮಾತ್ರ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬ ಡಾಕ್ಟರು ನಿಜ ಹೇಳಿದ್ರು ಅನ್ನಿಸ್ತು. ಮನೆಗೆ ಬಂದು ಹುಡುಕಿ ಓದಿದೆ. 2007ರಲ್ಲಿ ಇಸ್ರೇಲಿನವರು 25 ಜನರನ್ನ ಆಪರೇಷನ್ನಿಗೆ ಮೊದಲು, ಆಮೇಲೆ ಮೂರು ತಿಂಗಳಿಗೆ, ಮತ್ತೆ ಎರಡು ವರ್ಷಕ್ಕೆ ಕೇಳಿ ನೋಡಿದ್ರು. ಹತ್ತಕ್ಕೆ ಐದರಷ್ಟಿದ್ದ ಬೆನ್ನುನೋವು ಸರಾಸರಿ ಮೂರೂಮುಕ್ಕಾಲಿನ ಹತ್ತಿರ ಇಳಿದಿತ್ತು. ಇಳಿದಿತ್ತು, ಮಾಯ ಆಗಿರಲಿಲ್ಲ. 2010ರಲ್ಲಿ ಅಮೆರಿಕದ ಫಿಲಡೆಲ್ಫಿಯಾದವರು 344 ಜನರನ್ನ ನೋಡಿದ್ರು. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಮೊದಲೇ ಬೆನ್ನುನೋವಿತ್ತು. ಆ ಅರ್ಧದಲ್ಲಿ ಮೂರನೇ ಎರಡು ಭಾಗದವರಿಗೆ ಆಪರೇಷನ್ ಆದಮೇಲೆ ಹೋಯ್ತು. ಖುಷಿಯಾಗಿ ಓದ್ತಾ ಮುಂದಿನ ಸಾಲಿಗೆ ಬಂದ್ರೆ, ಮೊದಲು ಬೆನ್ನುನೋವೇ ಇಲ್ಲದವರಲ್ಲಿ ಐದಕ್ಕೆ ಒಬ್ಬರಿಗೆ ಒಂದು ವರ್ಷದೊಳಗೆ ಹೊಸದಾಗಿ ಶುರುವಾಗಿತ್ತು! ಅಪ್ಪಯ್ಯನಿಗೆ ಈ ಕೊನೇ ಸಾಲು ನಾನು ಓದಿ ಹೇಳಲಿಲ್ಲ. ಈಗಲೂ ಹೇಳಿಲ್ಲ.

ನಮ್ಮ ಅನುಮಾನ ಪರಿಹರಿಸಿದ್ದು ಒಂದು ಇಂಜೆಕ್ಷನ್. ಸರ್ಜನ್ನೇ ಹೇಳಿದ್ರು: ಕೀಲಿನ ಒಳಗೆ ಮರಗಟ್ಟಿಸೋ ಔಷಧಿ ಹಾಕೋಣ, ಕೆಲವು ಗಂಟೆ ಕೀಲು ಮಲಗತ್ತೆ, ಆ ಹೊತ್ತಲ್ಲಿ ಬೆನ್ನು ಏನು ಹೇಳತ್ತೆ ನೋಡೋಣ. 2022ರ ನವೆಂಬರಲ್ಲಿ ಸ್ಕ್ಯಾನಿಂಗ್ ಮೆಷಿನ್ನಲ್ಲಿ ನೋಡ್ಕೊಂಡು ತೊಡೆಸಂದಿನ ಹತ್ರದಿಂದ ಸೂಜಿ ಹಾಕಿದ್ರು. ಅರ್ಧ ಗಂಟೆ ಬಿಟ್ಟು ನಡೀರಿ ಅಂದ್ರು. ಅಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಒಂದು ಸುತ್ತು ಹೋದ್ರು. ಎರಡು ಸುತ್ತು. ಆಮೇಲೆ ಮೆಟ್ಟಿಲು ಇಳಿದು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದ್ರು. ನಾನು ಹಿಂದೆ ಹಿಂದೆ. "ಬೆನ್ನು ಹೇಗಿದೆ ಅಮ್ಮ?" ಅಂದೆ. ತಿರುಗಿ ನಿಂತು, ಏನೋ ಕಳೆದುಹೋದದ್ದನ್ನ ಹುಡುಕೋ ಹಾಗೆ ಕೈ ಹಿಂದೆ ಇಟ್ಟುಕೊಂಡು, "ಇಲ್ಲ ಮಾರಾಯ. ಎಲ್ಲೋಯ್ತು?" ಅಂದ್ರು.

ಸಂಜೆ ಆರೂವರೆಗೆ ಮತ್ತೆ ಬಂತು. ಕಾಲೂ, ಬೆನ್ನೂ. ರಾತ್ರಿ ಮನೇಲಿ ಅಮ್ಮ ಅತ್ತದ್ದು ನೋವಿಗಲ್ಲ ಅಂತ ನನಗೆ ಗೊತ್ತು. ಐದು ವರ್ಷದಲ್ಲಿ ಮೊದಲ ಸಲ ನೋವಿಲ್ಲದ ನಾಲ್ಕೈದು ಗಂಟೆ ಸಿಕ್ಕಿ ಕೈತಪ್ಪಿ ಹೋಗಿದ್ದಕ್ಕೆ. ಮರುದಿನ ಅವರೇ ಹೇಳಿದ್ರು, "ಮಾಡ್ಸು."

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅಜ್ಜನಮನೆ ಸಾಗರದ ಕಡೆ. ಹಂದಿಗೋಡು ಅನ್ನೋ ಊರಿನ ಹೆಸರು ನಿಮ್ಮಲ್ಲಿ ಕೆಲವರಾದ್ರೂ ಕೇಳಿರ್ತೀರಿ. 1970ರ ದಶಕದ ನಡುವಿನಲ್ಲಿ ಹೊರಜಗತ್ತಿಗೆ ಗೊತ್ತಾದ ಒಂದು ಕಾಯಿಲೆಗೆ ಆ ಊರಿನ ಹೆಸರೇ ಇದೆ. ಸೊಂಟದ ಕೀಲುಗಳು ಹರೆಯದಲ್ಲೇ ಹಾಳಾಗತ್ತೆ, ಕೆಲವರಿಗೆ ಬೆನ್ನುಮೂಳೆಯೂ. ಬಾಧೆಪಟ್ಟವರು ಹೆಚ್ಚಾಗಿ ಛಲವಾದಿ ಮತ್ತು ಚನ್ನಂಗಿ ಸಮುದಾಯದ ಕೂಲಿ ಕುಟುಂಬದವರು. ಗದ್ದೆ ಏಡಿ ತಿಂದು ಬಂತು ಅಂತೆಲ್ಲ ಜನ ಮಾತಾಡ್ತಿದ್ರು. ತಲೆಮಾರಿನಿಂದ ತಲೆಮಾರಿಗೆ ಬರೋದು ಅಂತ ಆಮೇಲೆ ಸಂಶೋಧಕರು ಹೇಳಿದ್ರು. ರಜೆಯಲ್ಲಿ ಅಜ್ಜನಮನೆಗೆ ಹೋದಾಗ ಸಾಗರದ ಪೇಟೆಯಲ್ಲಿ ಮುಂದಕ್ಕೆ ಬಾಗಿ, ತೊಡೆ ಮೇಲೆ ಕೈಯೂರಿಕೊಂಡು ನಡೆಯೋರನ್ನ ನೋಡಿದ್ದೆ. ಹುಡುಗರು ನಾವು ಹಾಗೇ ನಡೆದು ತೋರಿಸಿ ನಗ್ತಿದ್ವಿ. ಅಮ್ಮ ಅದೇ ಥರ ತೊಡೆ ಮೇಲೆ ಕೈಯೂರಿಕೊಂಡು ಬಚ್ಚಲಿಗೆ ಹೋಗೋದನ್ನ ಮೊದಲ ಸಲ ಕಂಡ ದಿನ ಆ ನಗು ನೆನಪಾಗಿ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ನನ್ನ ಅಮ್ಮನಿಗೆ ಕಾರು, ಬೆಂಗಳೂರು, ಇನ್ಶೂರೆನ್ಸು ಎಲ್ಲಾ ಇತ್ತು. ಅಷ್ಟಿದ್ದೂ ಐದು ವರ್ಷ.

2023ರ ಜನವರಿಯಲ್ಲಿ ಆಪರೇಷನ್. ಹಿಂದಿನ ದಿನ ಅಮ್ಮನ ಏಕೈಕ ಚಿಂತೆ ಬೆನ್ನಿಗೆ ಕೊಡೋ ಅರಿವಳಿಕೆ ಸೂಜಿ. ಹೆರಿಗೆಯಲ್ಲಿ ಆ ಸೂಜಿ ಹಾಕಿಸ್ಕೊಂಡವರಿಗೆ ಜೀವನಪೂರ್ತಿ ಬೆನ್ನುನೋವು ಅಂತ ನಮ್ಮ ಕಡೆ ಎಲ್ಲಾ ಹೆಂಗಸರೂ ನಂಬಿದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆ ನೋವಿಗೆ ಅದು ಕಾರಣ ಅಲ್ಲ ಅಂತ ಅರಿವಳಿಕೆ ಡಾಕ್ಟರಮ್ಮ ಹಾಸಿಗೆ ಪಕ್ಕ ಕೂತು ಸಮಾಧಾನವಾಗಿ ಹೇಳಿದ್ರು.

ಆಪರೇಷನ್ ಅಂದ್ರೆ, ತೊಡೆಮೂಳೆಯ ಸವೆದ ಚೆಂಡನ್ನ ಕತ್ತರಿಸಿ ತೆಗೆದು, ಮೂಳೆಯ ಒಳಗೆ ಲೋಹದ ಕಡ್ಡಿ ಇಳಿಸಿ ಅದರ ತುದಿಗೆ ಹೊಸ ಚೆಂಡು ಕೂರಿಸ್ತಾರೆ. ಆ ಕಡೆ ಬಟ್ಟಲನ್ನ ಹೆರೆದು ಹೊಸ ಬಟ್ಟಲು, ಅದರೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಅಸ್ತರಿ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಅನ್ನೋರು ಮೊದಲು ಟೆಫ್ಲಾನ್ ಹಾಕಿ ನೋಡಿ, ಅದು ಎರಡು ಮೂರು ವರ್ಷಕ್ಕೇ ಸವೆದು ದೊಡ್ಡ ಸೋಲಾಗಿ, 1962ರಲ್ಲಿ ಬೇರೆ ಪ್ಲಾಸ್ಟಿಕ್ ಹಾಕಿ ಗೆದ್ದರಂತೆ. ಅಮ್ಮನಿಗೆ ಹಾಕಿದ ಚೆಂಡು ಸೆರಾಮಿಕ್ಕಿನದ್ದು. "ಹಂಗಂದ್ರೆ?" ಅಂದ್ರು. ಪಿಂಗಾಣಿ ಥರ ಅಮ್ಮ, ಅಂದೆ. "ಅಯ್ಯೋ, ಉಪ್ಪಿನಕಾಯಿ ಜಾಡಿದಾ?" ಈಗ ಬಂದ ನೆಂಟರಿಗೆಲ್ಲ ಅದನ್ನೇ ಹೇಳ್ತಾರೆ, ನನ್ನ ಸೊಂಟದಲ್ಲಿ ಜಾಡಿ ಇದೆ ಅಂತ.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ರು. ತೊಡೆಸಂದಿನ ಆ ಹಳೇ ನೋವು ಅವತ್ತೇ ಇರಲಿಲ್ಲ. ಗಾಯದ ನೋವು ಬೇರೆ, ಇದು ಬೇರೆ ಅಂತ ಅಮ್ಮನೇ ಗುರುತಿಸಿದ್ರು. ಆದ್ರೆ ಬೆನ್ನು?

ಬೆನ್ನು ಜಾಸ್ತಿಯಾಯ್ತು! ಇದನ್ನ ನಮಗೆ ಯಾರೂ ಒತ್ತಿ ಹೇಳಿರಲಿಲ್ಲ, ಅದಕ್ಕೇ ಬರೀತಿದೀನಿ. ವರ್ಷಗಳಿಂದ ಗಿಡ್ಡವಾಗಿದ್ದ ಕಾಲು ಒಮ್ಮೆಲೇ ತನ್ನ ಉದ್ದಕ್ಕೆ ಬಂದಿತ್ತು. ವಾಲಿಕೊಂಡೇ ಅಭ್ಯಾಸವಾದ ಸೊಂಟಕ್ಕೆ ಅದು ಉದ್ದ ಜಾಸ್ತಿಯಾದ ಹಾಗೆ. "ನಂಗೆ ಯಾರ್ದೋ ಕಾಲು ಹಾಕಿದಾರೆ" ಅಂತಿದ್ರು. ಐದನೇ ವಾರ ಒಂದು ರಾತ್ರಿ ಎದ್ದು ಕೂತು, "ಇದ್ದದ್ದೂ ಹೋಯ್ತು, ನಿಮ್ಮ ಮಾತು ಕೇಳಿ ತಪ್ಪು ಮಾಡ್ದೆ" ಅಂದ್ರು. ಅಪ್ಪಯ್ಯ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಆ ಐದಕ್ಕೆ ಒಬ್ಬರು ಅನ್ನೋ ಸಾಲು ತಲೇಲಿ ಕೊರೀತಾನೇ ಇತ್ತು. ಅಮ್ಮನಿಗೆ ಮೊದಲೇ ಬೆನ್ನುನೋವಿದ್ದದ್ದರಿಂದ ಆ ಲೆಕ್ಕ ಅವರಿಗೆ ಅನ್ವಯಿಸಲ್ಲ ಅಂತ ಗೊತ್ತಿದ್ರೂ ಕೊರೀತಿತ್ತು. ಸರ್ಜನ್ ಅಳತೆ ಮಾಡಿ, ಎರಡೂ ಕಾಲು ಸಮ ಇದೆ, ಮೈ ಒಪ್ಪಿಕೊಳ್ಳೋಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಚಪ್ಪಲಿಗೆ ಅಟ್ಟೆ ಹಾಕಿಸಬೇಡಿ, ವ್ಯಾಯಾಮ ಬಿಡಬೇಡಿ ಅಂದ್ರು. ಶಿವಮೊಗ್ಗದ ಹುಡುಗಿ ವಾರಕ್ಕೆ ಎರಡು ಸಲ ವೀಡಿಯೋ ಕಾಲ್ ಮಾಡಿ ವ್ಯಾಯಾಮ ಮಾಡಿಸಿದಳು. ಮಲಗಿಕೊಂಡು ಸೊಂಟ ಎತ್ತೋದು, ಪಕ್ಕಕ್ಕೆ ಕಾಲು ಎತ್ತೋದು, ಕನ್ನಡಿ ಮುಂದೆ ನಡೆಯೋದು. ಅಮ್ಮ ಐವತ್ತು ವರ್ಷದಲ್ಲಿ ಕನ್ನಡಿ ಮುಂದೆ ನಿಂತಿದ್ದಕ್ಕಿಂತ ಹೆಚ್ಚು ಆ ಮೂರು ತಿಂಗಳಲ್ಲಿ ನಿಂತ್ರು.

ಯಾವತ್ತು ಕಡಿಮೆಯಾಯ್ತು ಅಂತ ಹೇಳೋಕಾಗಲ್ಲ. ಏಪ್ರಿಲ್ ಕೊನೇಲಿ ಒಂದು ದಿನ ನೋಡ್ತೀನಿ, ಸೊಂಟದ ಬೆಲ್ಟು ಸ್ಟೋರ್ ರೂಮಿನಲ್ಲಿ ಮೊಳೆಗೆ ನೇತಾಡ್ತಿದೆ. ಸೀರೆ ಸಮ ಬಂದಿದೆ.

ಈಗಿನ ಸ್ಥಿತಿ ಕೇಳ್ತೀರಾ? ಬೆನ್ನುನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಏಳು ಇದ್ದದ್ದು ಎರಡೋ ಮೂರೋ ಅಂತಾರೆ. ಹಬ್ಬದ ದಿನ ಒಲೆ ಮುಂದೆ ಎರಡು ಗಂಟೆ ನಿಂತ್ರೆ ಬರತ್ತೆ, ಮಲಗಿದ್ರೆ ಹೋಗತ್ತೆ. ಎಲ್4-ಎಲ್5 ಮಹಾಶಯರು ಅಲ್ಲೇ ಇದ್ದಾರಲ್ಲ. ಇನ್ನೊಂದು ವಿಷಯ ಸರ್ಜನ್ ಆಮೇಲೆ ಹೇಳಿದ್ದು. 2021ರಲ್ಲಿ ಬೆನ್ನಿನ ಮೂಳೆ ಸೇರಿಸಿ ಸ್ಕ್ರೂ ಹಾಕಿದ್ದಿದ್ರೆ, ಈ ಕೀಲಿನ ಆಪರೇಷನ್ ಇನ್ನಷ್ಟು ಕಷ್ಟ ಆಗ್ತಿತ್ತಂತೆ. ನಾವು ಕೂರುವಾಗ ಸೊಂಟದ ಗೂಡು ಹಿಂದಕ್ಕೆ ವಾಲಿ ಚೆಂಡಿಗೆ ಜಾಗ ಮಾಡಿಕೊಡತ್ತೆ. ಬೆನ್ನು ಬಿಗಿದು ಹಾಕಿದವರಿಗೆ ಅದು ಸರಿಯಾಗಿ ವಾಲೋದಿಲ್ಲ, ಹಾಗಾಗಿ ಹೊಸ ಕೀಲು ಜಾರೋ ಅಪಾಯ ಹೆಚ್ಚು. ಬೇಲಿ ಗೂಟ ಆಗಲ್ಲ ಅಂತ ಬಸ್ಸು ಹತ್ತಿದ ಹಠಮಾರಿಗೆ ನಾನು ಇನ್ನೂ ಸರಿಯಾಗಿ ಕ್ಷಮೆ ಕೇಳಿಲ್ಲ.

ಕಳೆದುಕೊಂಡದ್ದೂ ಇದೆ. ನೆಲ. ಕೆಳಗೆ ಕೂರೋ ಹಾಗಿಲ್ಲ, ಚಕ್ಕಳಮಕ್ಕಳ ಹಾಕೋ ಹಾಗಿಲ್ಲ, ಕುಕ್ಕರುಗಾಲು ಇಲ್ಲ ಅಂತ ನಮ್ಮ ಸರ್ಜನ್ ಕಡ್ಡಾಯ ಮಾಡಿದಾರೆ. ತೀರಾ ಬಗ್ಗಿ ತಿರುಗಿದ್ರೆ ಚೆಂಡು ಬಟ್ಟಲಿನಿಂದ ಜಾರಬಹುದು. ಮನೇಲಿ ಕಮೋಡು ಹಾಕಿಸಿದ್ವಿ, ಈಳಿಗೆ ಮಣೆ ಅಟ್ಟ ಸೇರ್ತು. ಅಡಿಕೆ ಸುಗ್ಗಿಯಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ಸುಲೀತಾ ಊರ ಸುದ್ದಿ ಹೇಳ್ತಿದ್ರೆ ಅಮ್ಮ ಮೇಲೆ ಕುರ್ಚಿಯಲ್ಲಿ. "ಮೇಲೆ ಕೂತ್ರೆ ಮಾತು ಕೇಳಲ್ಲ ಮಾರಾಯ" ಅಂದಿದ್ರು ಒಂದ್ಸಲ. ಕೇಳಿಸತ್ತೆ, ಕಿವಿ ಚೆನ್ನಾಗೇ ಇದೆ. ಅವರು ಹೇಳಿದ್ದು ಬೇರೆ.

ಗೆಳೆಯನಿಗೆ ಕೊನೆಗೆ ಇಷ್ಟು ಹೇಳಿದೆ: ಆ ಇಂಜೆಕ್ಷನ್ ಪರೀಕ್ಷೆ ಮಾಡ್ತಾರಾ ಅಂತ ನಿಮ್ಮ ಡಾಕ್ಟರನ್ನ ಕೇಳು, ಮೊದಲೆರಡು ತಿಂಗಳು ಬೆನ್ನು ನೋಡಿ ಹೆದರಬೇಡ, ಅಪ್ಪನ ಹತ್ರ ಒಬ್ಬನೇ ಕೂತು ನಿಜವಾಗಿ ಎಲ್ಲಿ ನೋವು ಅಂತ ಕೇಳು. ನಿಮ್ಮ ಮನೆಗಳಲ್ಲಿ ಯಾರಿಗಾದ್ರೂ ಆಗಿದ್ರೆ, ಬೆನ್ನು ಏನಾಯ್ತು ಅಂತ ಬರೀರಿ. ಕಡಿಮೆಯಾಗಲಿಲ್ಲ ಅನ್ನೋರು ಖಂಡಿತ ಬರೀರಿ, ಅವರ ಮಾತು ಎಲ್ಲೂ ಸಿಗಲ್ಲ.

2023ರ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ನಾಲ್ಕು ವರ್ಷದಿಂದ ಅಮ್ಮ ಗದ್ದೆಗೆ ಇಳಿದಿರಲಿಲ್ಲ. ರಾತ್ರಿಯಿಡೀ ಅಡುಗೆ ಮಾಡಿ, ಬುಟ್ಟಿ ತುಂಬಿಸಿ ನಮ್ಮ ತಲೆ ಮೇಲೆ ಹೊರಿಸಿ ಕಳಿಸಿ, ತಾವು ಮನೆ ಬಾಗಿಲಲ್ಲಿ ನಿಲ್ತಿದ್ರು. ಈ ಸಲ ಕತ್ತಲಲ್ಲೇ ಎದ್ದು ಕೋಲು ಹಿಡ್ಕೊಂಡು ಮುಂದೆ ನಡೆದ್ರು. ಅಪ್ಪಯ್ಯ ಹಿಂದಿನಿಂದ ನೀಲಿ ಪ್ಲಾಸ್ಟಿಕ್ ಕುರ್ಚಿ ಹೊತ್ಕೊಂಡು. ಪೂಜೆಯಾಗಿ ಚರಗ ಬೀರಿ ಎಲ್ಲರೂ ಬದುವಿನ ಮೇಲೆ ಊಟಕ್ಕೆ ಕೂತಾಗ ಅಮ್ಮನಿಗೆ ಕುರ್ಚಿ ಹಾಕಿದ್ವಿ. ಅದರ ಹಿಂದಿನ ಎರಡು ಕಾಲು ಹಸಿ ಮಣ್ಣಿನಲ್ಲಿ ನಿಧಾನಕ್ಕೆ ಹೂತುಹೋಗೋಕೆ ಶುರುವಾಯ್ತು. ಅಪ್ಪಯ್ಯ ಎಲೆ ಬಿಟ್ಟೆದ್ದು ಹಿಂದಿನಿಂದ ಕುರ್ಚಿ ಹಿಡ್ಕೊಂಡ್ರು.

"ಎಂತಕ್ಕೆ ಹಿಡ್ಕಂಡ್ರಿ? ಇಳೀಲಿ ಬಿಡಿ" ಅಂದ್ರು ಅಮ್ಮ, ಕಡುಬು ಬಾಯಿಗಿಡ್ತಾ. "ಇನ್ನೊಂಚೂರು ಇಳಿದ್ರೆ ನಿಮ್ಮ ಸಮಕ್ಕೆ ಬರ್ತೀನಿ."